ಗಾಳಿಯ ಆಸರೆ: ಹಳೆಯ ಕಾರುಗಳ ಪವರ್ ಬ್ರೇಕ್ ಮತ್ತು ಅದರ ದೋಷಶೋಧನೆಯ ಚರಿತ್ರೆ

ಮೋಟಾರು ಕಾರಿನ ಬ್ರೇಕಿಗೆ ಚಾಲಕನ ಕಾಲಿನ ಬಲದ ಜೊತೆಗೆ ಬೇರೊಂದು ಮೂಲದಿಂದಲೂ ಬಲ ಒದಗಿಸುವ ಏರ್ಪಾಟಿಗೆ ಪವರ್ ಬ್ರೇಕ್ ಎಂದು ಹೆಸರು. ಬಹುಪಾಲು ಹಳೆಯ ಕಾರುಗಳಲ್ಲಿ ಆ ಮೂಲವು ನಮ್ಮನ್ನು ಸುತ್ತುವರಿದ ಗಾಳಿಯೇ ಆಗಿದೆ. ಸಮುದ್ರಮಟ್ಟದಲ್ಲಿ ವಾತಾವರಣವು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಂ ಭಾರದಷ್ಟು ಒತ್ತುತ್ತದೆಯಾದರೂ, ಎಲ್ಲ ಕಡೆಯಿಂದಲೂ ಸಮನಾಗಿ ಒತ್ತುವ ಕಾರಣ ಆ ಒತ್ತಡ ಯಾವ ಕೆಲಸಕ್ಕೂ ಒದಗುವುದಿಲ್ಲ. ಒಂದು ಪಕ್ಕದ ಗಾಳಿಯನ್ನು ಹೀರಿ ತೆಗೆದಾಗ ಮಾತ್ರ ಇನ್ನೊಂದು ಪಕ್ಕದ ಗಾಳಿ ತಳ್ಳಲು ತೊಡಗುತ್ತದೆ. ಪೆಟ್ರೋಲ್ ಇಂಜಿನ್ನು ಈ ಹೀರುವ ಕೆಲಸವನ್ನು ತನ್ನ ಮಾಮೂಲು ಓಟದಲ್ಲೇ ಮಾಡುತ್ತಿರುತ್ತದೆ. ಕೆಳಗಿಳಿಯುವ ಪಿಸ್ಟನ್ನುಗಳು ಗಾಳಿಯನ್ನು ಸೆಳೆಯುತ್ತಿರುವಾಗ ಥ್ರಾಟಲ್ ಎಂಬ ಕವಾಟವು ಗಾಳಿ ಬರುವ ದಾರಿಯನ್ನು ಕಿರಿದಾಗಿಸಿರುವುದರಿಂದ, ಇವೆರಡರ ನಡುವಿನ ಇನ್‌ಟೇಕ್ ಮ್ಯಾನಿಫೋಲ್ಡ್ ಎಂಬ ಕೊಳವೆಗಳ ಕೂಟದಲ್ಲಿ ಗಾಳಿ ವಿರಳವಾಗುತ್ತದೆ. ಈ ವಿರಳ ಸ್ಥಿತಿ ಪೂರ್ಣ ಶೂನ್ಯವಲ್ಲದಿದ್ದರೂ ಅದನ್ನು ನಿರ್ವಾತ ಅಥವಾ ವ್ಯಾಕ್ಯೂಮ್ ಎಂದೇ ಕರೆಯುವ ವಾಡಿಕೆಯಿದ್ದು, ಅದರ ಅಳತೆಯನ್ನು ಪಾದರಸದ ಕಂಬದ ಎತ್ತರದಲ್ಲಿ ಹೇಳಲಾಗುತ್ತದೆ. ಸುಸ್ಥಿತಿಯ ಇಂಜಿನ್ನು ಕಾರು ನಿಂತಿರುವಾಗ ನಿಧಾನವಾಗಿ ಓಡುತ್ತಿದ್ದರೆ ಸಮುದ್ರಮಟ್ಟದಲ್ಲಿ 18ರಿಂದ 21 ಅಂಗುಲದಷ್ಟು ನಿರ್ವಾತ ದೊರೆಯುತ್ತದೆ. 25 ಸೆಂಟಿಮೀಟರ್ ವ್ಯಾಸದ ತಟ್ಟೆಯೊಂದರ ಒಂದು ಪಕ್ಕದಲ್ಲಿ 20 ಅಂಗುಲ ನಿರ್ವಾತವಿದ್ದು ಇನ್ನೊಂದು ಪಕ್ಕಕ್ಕೆ ಹೊರಗಿನ ಗಾಳಿಯನ್ನು ಬಿಟ್ಟರೆ, ಆ ತಟ್ಟೆಯ ಮೇಲೆ ಬೀಳುವ ಬಲ ಸುಮಾರು 340 ಕಿಲೋಗ್ರಾಂ ಭಾರಕ್ಕೆ ಸಮನಾಗುತ್ತದೆ.

ಇಷ್ಟು ದೊಡ್ಡ ಬಲವು ಇಷ್ಟು ಸುಲಭವಾಗಿ ದೊರೆಯುವಲ್ಲಿಯೇ ಅದರ ಅಪಾಯವೂ ಅಡಗಿದೆ, ಏಕೆಂದರೆ ಒಂದು ರಬ್ಬರ್ ಕೊಳವೆ ಸೀಳಿದ ಮಾತ್ರಕ್ಕೆ ಅದು ಇಲ್ಲವಾಗಬಲ್ಲದು. ಪವರ್ ಬ್ರೇಕಿನ ಚರಿತ್ರೆಯೆಂದರೆ ನಿರ್ವಾತ ಕೈಕೊಟ್ಟ ಗಳಿಗೆಯಲ್ಲಿ ಚಾಲಕನಿಗೆ ಏನು ಉಳಿದಿರಬೇಕು ಎಂಬ ಪ್ರಶ್ನೆಗೆ ಒಂದೊಂದು ಕಾಲದ ತಯಾರಕರು ಕೊಟ್ಟ ಉತ್ತರಗಳ ಚರಿತ್ರೆ. ಇಂದು ಹಳೆಯ ಕಾರೊಂದರ ಬ್ರೇಕನ್ನು ಪರೀಕ್ಷಿಸುವ ಮೆಕ್ಯಾನಿಕ್ ಅನುಸರಿಸುವ ಕ್ರಮವೂ ಆ ಉತ್ತರಗಳಿಂದಲೇ ರೂಪುಗೊಂಡಿರುವುದರಿಂದ, ಎರಡನ್ನೂ ಒಟ್ಟಿಗೆ ನೋಡುವುದು ಯುಕ್ತ.

ಪ್ರಶ್ನೆ ಕಾರಿಗಿಂತ ಹಳೆಯದು. ಅದು ಮೊದಲು ಎದ್ದದ್ದು ರೈಲಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ರೈಲುಗಳಲ್ಲಿ ಬಳಕೆಯಲ್ಲಿದ್ದ ಸರಳ ವ್ಯಾಕ್ಯೂಮ್ ಬ್ರೇಕಿನಲ್ಲಿ ಬ್ರೇಕ್ ಹಾಕಬೇಕಾದಾಗ ಇಂಜಿನ್ನು ಗಾಳಿಯನ್ನು ಹೀರುತ್ತಿತ್ತು, ಆದ್ದರಿಂದ ಬೋಗಿಗಳ ನಡುವಿನ ಕೊಳವೆ ಕಳಚಿದರೆ ಬ್ರೇಕೂ ಕಳಚಿದಂತೆಯೇ. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾ ಪಟ್ಟಣದ ಬಳಿ ಏರಿನಲ್ಲಿ ನಿಂತ ವಿಹಾರದ ರೈಲೊಂದನ್ನು ಎರಡು ಭಾಗ ಮಾಡಿದಾಗ ಹಿಂದಿನ ಬೋಗಿಗಳು ಬ್ರೇಕಿಲ್ಲದೆ ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ಹಿಂದಿನಿಂದ ಬರುತ್ತಿದ್ದ ಇನ್ನೊಂದು ರೈಲಿಗೆ ಬಡಿದವು. ಸತ್ತ ಸುಮಾರು 80 ಮಂದಿಯಲ್ಲಿ ಅನೇಕರು ಮಕ್ಕಳು. ಅದೇ ವರ್ಷ ಬ್ರಿಟಿಷ್ ಸಂಸತ್ತು ಪ್ರಯಾಣಿಕರ ರೈಲುಗಳಿಗೆ ಸ್ವಯಂಚಾಲಿತ ಬ್ರೇಕನ್ನು ಕಡ್ಡಾಯಗೊಳಿಸಿತು. ಸ್ವಯಂಚಾಲಿತ ಎಂದರೆ ಇಲ್ಲಿ ತಿರುಗುಮುರುಗಾದ ಏರ್ಪಾಟು: ರೈಲು ಓಡುವಾಗಲೆಲ್ಲ ಕೊಳವೆಯಲ್ಲಿ ನಿರ್ವಾತವಿದ್ದು ಬ್ರೇಕು ಬಿಟ್ಟುಕೊಂಡಿರುತ್ತದೆ, ಒಳಗೆ ಗಾಳಿ ನುಗ್ಗಿದರೆ ಬ್ರೇಕು ತಾನಾಗಿ ಹಿಡಿಯುತ್ತದೆ. ಭಾರತದ ರೈಲುಗಳಲ್ಲಿ ಬಹುಕಾಲ ಇದ್ದದ್ದು ಈ ಬಗೆಯ ಬ್ರೇಕೇ. ಸರಪಣಿ ಎಳೆದವರ ದೆಸೆಯಿಂದ ‘ವ್ಯಾಕ್ಯೂಮ್ ಕಟ್’ ಆಗಿ ಗಾಡಿ ನಿಂತಿತೆಂದು ಹಿರಿಯ ಪ್ರಯಾಣಿಕರು ಹೇಳುತ್ತಿದ್ದ ಮಾತಿನ ಹಿಂದೆ ಇರುವುದೂ ಇದೇ ತತ್ತ್ವ.

ಕಾರಿನ ಚರಿತ್ರೆ ಈ ದಾರಿಯನ್ನು ಹಿಡಿಯಲಿಲ್ಲ. ಕಾರಿನ ವ್ಯಾಕ್ಯೂಮ್ ಬ್ರೇಕು ಇಂದಿಗೂ ಅರ್ಮಾದ ರೈಲಿನ ಬ್ರೇಕಿನ ಜಾತಿಗೇ ಸೇರಿದ್ದು, ನಿರ್ವಾತ ಹೋದರೆ ನೆರವೂ ಹೋಗುತ್ತದೆ. ಆದರೂ ಅದನ್ನು ಸಹಿಸಬಹುದಾಗಿರುವುದು ಚಾಲಕನ ಕಾಲು ಪೆಡಲಿನ ಮೂಲಕ ಬ್ರೇಕಿಗೆ ನೇರವಾಗಿ ತಾಗಿಕೊಂಡಿರುವುದರಿಂದ. ಈ ನೇರ ಸಂಬಂಧವನ್ನು ಉಳಿಸಿಕೊಂಡ ವಿನ್ಯಾಸಗಳು ಬಾಳಿದವು, ಅದನ್ನು ದುರ್ಬಲಗೊಳಿಸಿದವು ಅಳಿದವು.

ಮೊದಲ ನೆರವು ಬಂದದ್ದು ಗಾಳಿಯಿಂದಲ್ಲ, ಕಾರಿನ ಓಟದಿಂದಲೇ. 1919ರ ಹಿಸ್ಪಾನೊ-ಸೂಯಿಜಾ ಎಚ್6 ಕಾರಿನಲ್ಲಿ ಮಾರ್ಕ್ ಬಿರ್ಕಿಗ್ಟ್ ಎಂಬ ಸ್ವಿಸ್ ಇಂಜಿನಿಯರು, ಗೇರ್‌ಬಾಕ್ಸಿನಿಂದ ತಿರುಗುವ ಘರ್ಷಣೆಯ ಸಾಧನವೊಂದು ಪೆಡಲ್ ತುಳಿದಾಗ ಬ್ರೇಕಿನ ಸರಳುಗಳನ್ನು ತಾನೂ ಎಳೆಯುವಂತೆ ಮಾಡಿದನು. ಇಂಥ ನೆರವಿನ ಯಂತ್ರಕ್ಕೆ ಸರ್ವೋ ಎಂಬ ಹೆಸರು ರೂಢವಾಯಿತು. ರೋಲ್ಸ್-ರಾಯ್ಸ್ ಸಂಸ್ಥೆ ಇದರ ಹಕ್ಕನ್ನು ಪಡೆದು 1920ರ ದಶಕದ ನಡುವಿನಿಂದ 1960ರ ದಶಕದವರೆಗೂ ಬಳಸಿತು. ಆದಕಾರಣ ಮೈಸೂರಿನಂಥ ಸಂಸ್ಥಾನಗಳ ಅರಮನೆಗಳಿಗೆ ಬಂದ ಆ ಕಾಲದ ರೋಲ್ಸ್-ರಾಯ್ಸ್ ಕಾರುಗಳ ಬ್ರೇಕನ್ನು ಪರೀಕ್ಷಿಸುವವರು ವ್ಯಾಕ್ಯೂಮ್ ಕೊಳವೆಯನ್ನು ಹುಡುಕುವುದು ವ್ಯರ್ಥ. ಈ ಸರ್ವೋ ಚಕ್ರಗಳು ಉರುಳಿದರಷ್ಟೇ ಕೆಲಸ ಮಾಡುವುದರಿಂದ, ನಿಂತ ಕಾರಿನಲ್ಲಿ ಪೆಡಲ್ ಗಟ್ಟಿಯಾಗಿರುವುದು ಅದರಲ್ಲಿ ದೋಷವಲ್ಲ, ಸ್ವಭಾವ.

ಇದೇ ಸುಮಾರಿಗೆ ಸರಳು ಮತ್ತು ತಂತಿಗಳ ಜಾಗವನ್ನು ದ್ರವ ಆಕ್ರಮಿಸತೊಡಗಿತು. ಮಾಲ್ಕಮ್ ಲಾಕ್‌ಹೀಡ್ ರೂಪಿಸಿದ ಹೈಡ್ರಾಲಿಕ್ ಬ್ರೇಕು 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಬಂತು. 1924ರಲ್ಲಿ ಕ್ರೈಸ್ಲರ್ ಇಂಜಿನಿಯರುಗಳು ಸೋರುತ್ತಿದ್ದ ಚರ್ಮದ ಕಪ್ಪುಗಳ ಬದಲು ರಬ್ಬರ್ ಕಪ್ಪುಗಳನ್ನು ಅಳವಡಿಸಿ ಅದನ್ನು ಸಾಮಾನ್ಯ ಬೆಲೆಯ ಕಾರಿಗೂ ತಕ್ಕುದಾಗಿಸಿದರು. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಎಂಬ ಮುಖ್ಯ ಕೊಳವಿಯ ಪಿಸ್ಟನ್ನು ಬ್ರೇಕ್ ಆಯಿಲನ್ನು ಒತ್ತುತ್ತದೆ, ಆ ಒತ್ತಡ ಲೋಹದ ಸಣ್ಣ ಕೊಳವೆಗಳಲ್ಲಿ ಹರಿದು ಪ್ರತಿ ಚಕ್ರದ ಸಿಲಿಂಡರನ್ನು ತಲುಪುತ್ತದೆ.

ವ್ಯಾಕ್ಯೂಮ್ ಸರ್ವೋವನ್ನು ಬಳಕೆಗೆ ತಂದವರಲ್ಲಿ ಮುಖ್ಯನಾದವನು ಬೆಲ್ಜಿಯಮ್ಮಿನ ಆಲ್ಬರ್ಟ್ ಡೆವಾಂಡ್ರ್. 1920ರ ದಶಕದ ಉತ್ತರಾರ್ಧದಲ್ಲಿ ಅವನ ಸಾಧನವನ್ನು ಜರ್ಮನಿಯಲ್ಲಿ ಬಾಷ್ ಸಂಸ್ಥೆಯೂ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ಕ್ಲೇಟನ್ ಡೆವಾಂಡ್ರ್ ಸಂಸ್ಥೆಯೂ ತಯಾರಿಸತೊಡಗಿದವು. ಅದರ ದೊಡ್ಡ ಗಿರಾಕಿಗಳೆಂದರೆ ಲಾರಿ ಮತ್ತು ಬಸ್ಸುಗಳು. ಅಮೆರಿಕದಲ್ಲಿ ರೇಸ್ ಚಾಲಕನೂ ವಿಮಾನ ಚಾಲಕನೂ ಆಗಿದ್ದ ಕೇಲಬ್ ಬ್ರ್ಯಾಗ್ ಎಂಬವನು ವಿಕ್ಟರ್ ಕ್ಲೀಸ್‌ರಾತ್ ಎಂಬ ಇಂಜಿನಿಯರನೊಡನೆ ಸೇರಿ ಇದೇ ತತ್ತ್ವದ ಸಾಧನವನ್ನು ರೂಪಿಸಿದನು, ಅವರ ಉದ್ಯಮ ಮುಂದೆ ಬೆಂಡಿಕ್ಸ್ ಸಂಸ್ಥೆಯ ಪಾಲಾಯಿತು. 1928ರಷ್ಟು ಹಿಂದೆಯೇ ಪಿಯರ್ಸ್-ಆರೋ ಕಾರಿನಲ್ಲಿ ವ್ಯಾಕ್ಯೂಮ್ ನೆರವು ಕಾಣಿಸಿಕೊಂಡಿತ್ತಾದರೂ ಮುಂದಿನ ಎರಡು ದಶಕಗಳ ಕಾಲ ಅದು ಭಾರಿ ಬೆಲೆಯ ಕಾರುಗಳ ಸೊತ್ತಾಗಿಯೇ ಉಳಿಯಿತು, ಏಕೆಂದರೆ ಸಾಮಾನ್ಯ ಕಾರಿಗೆ ಅದರ ಅಗತ್ಯ ಅಷ್ಟಾಗಿ ಇರಲಿಲ್ಲ. ಡ್ರಮ್ ಬ್ರೇಕಿನಲ್ಲಿ ತಿರುಗುವ ಡ್ರಮ್ಮು ತನಗೆ ಒತ್ತಿಕೊಂಡ ಬ್ರೇಕ್ ಶೂವನ್ನು ಇನ್ನಷ್ಟು ಬಿಗಿಯಾಗಿ ತನ್ನತ್ತ ಎಳೆದುಕೊಳ್ಳುತ್ತದೆ. ಈ ಸ್ವಯಂಬಲವನ್ನು ಚೆನ್ನಾಗಿ ದುಡಿಸಿಕೊಂಡ ಡ್ರಮ್ಮುಗಳಿದ್ದ ಕಾರನ್ನು ಬರಿಯ ಕಾಲಿನ ಬಲದಿಂದಲೇ ನಿಲ್ಲಿಸಬಹುದಾಗಿತ್ತು.

ಆರಂಭದ ಸಾಧನಗಳು ಅನೇಕವೇಳೆ ತಟ್ಟೆಯ ಎರಡೂ ಪಕ್ಕ ಹೊರಗಾಳಿಯನ್ನು ಇಟ್ಟುಕೊಂಡು, ಪೆಡಲ್ ತುಳಿದಾಗ ಒಂದು ಪಕ್ಕವನ್ನು ಇಂಜಿನ್ನಿಗೆ ತೆರೆಯುತ್ತಿದ್ದವು. ಗಾಳಿಯನ್ನು ಹೀರಿ ಮುಗಿಸಲು ಕ್ಷಣಕಾಲ ಬೇಕಾಗುತ್ತಿದ್ದರಿಂದ ನೆರವು ತುಸು ತಡವಾಗಿ ಬರುತ್ತಿತ್ತು, ಇಂಜಿನ್ನು ಆರಿದರಂತೂ ಬರುತ್ತಲೇ ಇರಲಿಲ್ಲ. ನಂತರದ ವಿನ್ಯಾಸದಲ್ಲಿ ಎರಡೂ ಪಕ್ಕ ಮೊದಲೇ ನಿರ್ವಾತವಿರುತ್ತದೆ, ಪೆಡಲ್ ತುಳಿದಾಗ ಹಿಂಬದಿಗೆ ಗಾಳಿ ನುಗ್ಗುತ್ತದೆ. ಗಾಳಿ ಸದಾ ಬಾಗಿಲಲ್ಲೇ ಕಾದಿರುವುದರಿಂದ ಇಲ್ಲಿ ವಿಳಂಬವಿಲ್ಲ. ಇದರ ಜೊತೆಗೆ ಮ್ಯಾನಿಫೋಲ್ಡಿನ ಕಡೆಗೆ ಮಾತ್ರ ಗಾಳಿಯನ್ನು ಬಿಟ್ಟು ಹಿಂದಕ್ಕೆ ಬರಗೊಡದ ಚೆಕ್ ವಾಲ್ವ್ ಎಂಬ ಏಕಮುಖ ಕವಾಟವೊಂದನ್ನು ಸೇರಿಸಿದಾಗ, ಇಂಜಿನ್ನು ಆರಿದ ಮೇಲೆಯೂ ಒಂದೆರಡು ಬಾರಿ ಬ್ರೇಕ್ ಹಾಕುವಷ್ಟು ನಿರ್ವಾತ ಸಾಧನದಲ್ಲಿ ಉಳಿಯುವಂತಾಯಿತು. ಹೆಬ್ಬೆರಳಿನ ಗಾತ್ರದ ಈ ಕವಾಟ ಎಷ್ಟು ಅಲ್ಪ ಬೆಲೆಯದೋ ಅಷ್ಟೇ ಅಮೂಲ್ಯವಾದದ್ದು.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಕಾರುಗಳು ಹಿಗ್ಗಿದಂತೆಲ್ಲ ನೆರವಿನ ಬೇಡಿಕೆಯೂ ಹಿಗ್ಗಿತು. 1952ರಲ್ಲಿ ಪ್ಯಾಕಾರ್ಡ್ ಸಂಸ್ಥೆ ಈಜಾಮ್ಯಾಟಿಕ್ ಎಂಬ ಹೆಸರಿನಲ್ಲಿ ಒದಗಿಸಿದ ಸಾಧನವು ಬೆಂಡಿಕ್ಸ್ ತಯಾರಿಸಿದ ಟ್ರೆಡಲ್-ವ್ಯಾಕ್ ಆಗಿದ್ದು, ಅದರಲ್ಲಿ ವ್ಯಾಕ್ಯೂಮ್ ಕೋಣೆ ಮತ್ತು ಮಾಸ್ಟರ್ ಸಿಲಿಂಡರು ಒಂದೇ ಘಟಕವಾಗಿ ಬೆಸೆದುಕೊಂಡಿದ್ದವು. ಕಾಲನ್ನು ನೆಲದಿಂದ ಎತ್ತದೆ ಆಕ್ಸಿಲರೇಟರಿನಿಂದ ಬ್ರೇಕಿಗೆ ಹೊರಳಿಸಿದರೆ ಸಾಕೆಂಬ ಅನುಕೂಲಕ್ಕಾಗಿ ಪೆಡಲನ್ನು ತಗ್ಗಿನಲ್ಲಿ ಕೂರಿಸಿ ಅದರ ಸನ್ನೆಯ ಉದ್ದವನ್ನು ಕಡಿಮೆ ಮಾಡಲಾಗಿತ್ತು. ಕೊಳ್ಳುವವರಿಗೆ ಇದು ಮೆಚ್ಚುಗೆಯಾದರೂ ಅದರ ಬೆಲೆ ದೊಡ್ಡದಾಗಿತ್ತು: ಸನ್ನೆ ಗಿಡ್ಡವಾದಷ್ಟೂ ನಿರ್ವಾತವಿಲ್ಲದ ಹೊತ್ತಿನಲ್ಲಿ ಕಾಲಿಗೆ ಬೇಕಾಗುವ ಬಲ ಹೆಚ್ಚುತ್ತದೆ. ಇಂಥ ಘಟಕದ ಇನ್ನೊಂದು ದುರ್ಬಲ ಸ್ಥಾನವೆಂದರೆ ಬ್ರೇಕ್ ಆಯಿಲು ಮತ್ತು ನಿರ್ವಾತಗಳ ನಡುವೆ ಗಡಿಯಾಗಿ ನಿಂತ ರಬ್ಬರ್ ಸೀಲು. ಅದು ಸವೆದರೆ ನಿರ್ವಾತವು ಆಯಿಲನ್ನು ತನ್ನತ್ತ ಸೆಳೆದುಕೊಂಡು ಇಂಜಿನ್ನಿಗೆ ಕಳುಹಿಸುತ್ತದೆ, ಅಲ್ಲಿ ಅದು ಉರಿದುಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳದೆ ಆಯಿಲು ಬರಿದಾಗುವ ಈ ದೋಷ ಪವರ್ ಬ್ರೇಕಿನ ಚರಿತ್ರೆಯಲ್ಲೇ ಅತಿ ಕಪಟವಾದದ್ದು.

ಅದರ ಪರಿಣಾಮ ನ್ಯಾಯಾಲಯದ ದಾಖಲೆಯಲ್ಲಿ ಉಳಿದಿದೆ. 1953ರ ಬ್ಯೂಕ್ ರೋಡ್‌ಮಾಸ್ಟರ್ ಕಾರಿನ ಪವರ್ ಬ್ರೇಕಿನಲ್ಲಿ ಓ-ರಿಂಗ್ ಎಂಬ ಬಳೆಯಾಕಾರದ ಸೀಲು ಸೋರಿ ಆಯಿಲು ವ್ಯಾಕ್ಯೂಮ್ ಕೋಣೆಗೆ ಹೋಗುತ್ತಿದ್ದುದು ಕಾರುಗಳು ಮಾರಾಟವಾದ ಸ್ವಲ್ಪ ಕಾಲದಲ್ಲೇ ತಯಾರಕರಾದ ಜನರಲ್ ಮೋಟಾರ್ಸಿಗೆ ತಿಳಿದಿತ್ತು. ಸಂಸ್ಥೆ ತನ್ನ ಡೀಲರುಗಳಿಗೆ ಬದಲಿ ಭಾಗಗಳನ್ನು ಕಳುಹಿಸಿ, ಕಾರುಗಳು ರಿಪೇರಿಗೆ ಬಂದಾಗ ಹಾಕಿಕೊಡುವಂತೆ ಹೇಳಿತೇ ಹೊರತು ಮಾಲೀಕರಿಗೆ ಎಚ್ಚರಿಕೆ ಕೊಡಲಿಲ್ಲ. ಬ್ರೇಕ್ ಹಿಡಿಯುತ್ತಿಲ್ಲವೆಂದು ಗ್ಯಾರೇಜಿಗೆ ಬಂದಿದ್ದ ಅಂಥದೊಂದು ಕಾರನ್ನು ಅಲ್ಲಿನ ನೌಕರನೊಬ್ಬ ಆ ಮಾತನ್ನು ಮರೆತು ಓಡಿಸಿದಾಗ, ಮುಂದೆ ನಿಂತು ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ಒಬ್ಬ ಎರಡು ವಾಹನಗಳ ನಡುವೆ ಸಿಲುಕಿ ಕಾಲನ್ನು ಕಳೆದುಕೊಂಡನು. ಮಾರಾಟವಾದ ಕೂಡಲೇ ಗೊತ್ತಾದ ಪ್ರಾಣಾಪಾಯದ ದೋಷವನ್ನು ಬಳಸುವವರಿಗೆ ತಿಳಿಸುವುದು ತಯಾರಕರ ಕರ್ತವ್ಯವೆಂದು ಮಿಚಿಗನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1959ರಲ್ಲಿ ಹೇಳಿತು. ದೋಷವಿರುವ ವಾಹನಗಳ ಮಾಲೀಕರಿಗೆ ಸೂಚನೆ ಕೊಡುವುದನ್ನು ಅಮೆರಿಕದ ಕೇಂದ್ರ ಸರ್ಕಾರ 1966ರ ಕಾಯಿದೆಯಿಂದ ಕಡ್ಡಾಯ ಮಾಡಿತು. ಒಂದು ಸಣ್ಣ ರಬ್ಬರ್ ಬಳೆಯ ಸಂಬಂಧ ಬಂದ ಆ ತೀರ್ಪು ಬ್ರೇಕಿನ ಚರಿತ್ರೆಯಲ್ಲಿ ಯಾವ ಪೇಟೆಂಟಿಗೂ ಕಡಿಮೆಯಾದ ಘಟ್ಟವಲ್ಲ.

ಪವರ್ ಬ್ರೇಕನ್ನು ಐಷಾರಾಮದಿಂದ ಅಗತ್ಯಕ್ಕೆ ತಂದದ್ದು ಡಿಸ್ಕ್ ಬ್ರೇಕು. 1953ರ ಲೆ ಮಾನ್ ರೇಸನ್ನು ಡನ್‌ಲಪ್ ಡಿಸ್ಕುಗಳಿದ್ದ ಜಾಗ್ವಾರ್ ಸಿ-ಟೈಪ್ ಗೆದ್ದ ಮೇಲೆ ಡಿಸ್ಕಿನ ಮೇಲ್ಮೆಯನ್ನು ಯಾರೂ ಪ್ರಶ್ನಿಸಲಿಲ್ಲ; ಆದರೆ ಚಪ್ಪಟೆ ಡಿಸ್ಕನ್ನು ಎರಡು ಕಡೆಯಿಂದ ಚಿವುಟಿ ಹಿಡಿಯುವ ಪ್ಯಾಡುಗಳಿಗೆ ಡ್ರಮ್ಮಿನ ಸ್ವಯಂಬಲ ಇಲ್ಲವಾದ್ದರಿಂದ ಅಷ್ಟೂ ಬಲವನ್ನು ಹೊರಗಿನಿಂದ ಕೊಡಬೇಕಾಗುತ್ತದೆ. ಬ್ರಿಟಿಷ್ ಕಾರುಗಳು ಗರ್ಲಿಂಗ್ ಮತ್ತು ಲಾಕ್‌ಹೀಡ್ ಸಂಸ್ಥೆಗಳ ಬಿಡಿ ಸರ್ವೋಗಳನ್ನು ಬಾನೆಟ್ಟಿನ ಅಡಿಯಲ್ಲಿ ಜಾಗ ಸಿಕ್ಕಲ್ಲಿ ಕೂರಿಸಿ ಮಾಸ್ಟರ್ ಸಿಲಿಂಡರಿನಿಂದ ಅವಕ್ಕೆ ಆಯಿಲಿನ ಕೊಳವೆ ಎಳೆದವು. ಅಮೆರಿಕದಲ್ಲಿ ಪೆಡಲ್ ಮತ್ತು ಮಾಸ್ಟರ್ ಸಿಲಿಂಡರುಗಳ ನಡುವೆ ದುಂಡನೆಯ ಡಬ್ಬಿಯಂತೆ ಕೂರುವ ಬೂಸ್ಟರು ನೆಲೆಗೊಂಡಿತು. ಅದರೊಳಗಿನ ಡಯಾಫ್ರಮ್ ಎಂಬ ರಬ್ಬರ್ ಪರದೆ ಹರಿದರೂ ಪೆಡಲಿನ ಸರಳು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ನೇರವಾಗಿ ತಳ್ಳಬಲ್ಲದು. 1962ರಲ್ಲಿ ಕ್ಯಾಡಿಲಾಕ್ ಎರಡು ಪ್ರತ್ಯೇಕ ಕೋಣೆಗಳ ಮಾಸ್ಟರ್ ಸಿಲಿಂಡರನ್ನು ತಂದಿತು. ಒಂದು ಜೋಡಿ ಚಕ್ರಗಳ ಆಯಿಲು ಸೋರಿದರೂ ಇನ್ನೊಂದು ಜೋಡಿ ಉಳಿಯುವ ಈ ಏರ್ಪಾಟು ಅಮೆರಿಕದ ಕಾರುಗಳಿಗೆ 1968ರಿಂದ ಕಡ್ಡಾಯವಾಯಿತು.

ಬೂಸ್ಟರನ್ನು ಬಿಚ್ಚದೆ ಪರೀಕ್ಷಿಸುವ ಕ್ರಮವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದರ ತರ್ಕ ತಾನಾಗಿ ತೆರೆದುಕೊಳ್ಳುತ್ತದೆ. ಇಂಜಿನ್ನು ಆರಿಸಿ ಪೆಡಲನ್ನು ಐದಾರು ಬಾರಿ ತುಳಿದರೆ ಡಬ್ಬಿಯಲ್ಲಿದ್ದ ನಿರ್ವಾತ ಮುಗಿದು ಪೆಡಲ್ ಗಟ್ಟಿಯಾಗುತ್ತದೆ. ಅದನ್ನು ತುಳಿದು ಹಿಡಿದಂತೆಯೇ ಇಂಜಿನ್ನನ್ನು ಚಾಲೂ ಮಾಡಿದಾಗ ಪೆಡಲ್ ಕಾಲಿನಡಿಯಲ್ಲಿ ತುಸು ತಗ್ಗಬೇಕು. ತಗ್ಗದಿದ್ದರೆ ನಿರ್ವಾತ ಬೂಸ್ಟರನ್ನು ತಲುಪುತ್ತಿಲ್ಲ, ಇಲ್ಲವೇ ತಲುಪಿದರೂ ಅಲ್ಲಿ ನಿಲ್ಲುತ್ತಿಲ್ಲ. ಎರಡನೆಯ ಪರೀಕ್ಷೆ ಚೆಕ್ ವಾಲ್ವಿನದು: ಇಂಜಿನ್ನನ್ನು ಕೆಲವು ನಿಮಿಷ ಓಡಿಸಿ ಆರಿಸಿದ ಬಳಿಕ ಮೊದಲ ತುಳಿತ ಮೆದುವಾಗಿದ್ದು ಎರಡನೆಯದು, ಮೂರನೆಯದು ಕ್ರಮವಾಗಿ ಗಟ್ಟಿಯಾಗುತ್ತ ಬಂದರೆ ಕವಾಟ ಸರಿಯಿದೆ; ಮೊದಲ ತುಳಿತವೇ ಕಲ್ಲಿನಂತಿದ್ದರೆ ಕವಾಟವೋ ಡಬ್ಬಿಯೋ ಸೋರುತ್ತಿದೆ. ಮೂರನೆಯದರಲ್ಲಿ ಇಂಜಿನ್ನು ಓಡುತ್ತಿರುವಾಗ ಪೆಡಲ್ ತುಳಿದು ಹಿಡಿದು, ಹಾಗೆಯೇ ಇಂಜಿನ್ನನ್ನು ಆರಿಸಿ ಅರ್ಧ ನಿಮಿಷ ಕಾಯಬೇಕು. ಪೆಡಲ್ ಮೇಲಕ್ಕೆ ತಳ್ಳಿದರೆ ಡಯಾಫ್ರಮ್ ಹರಿದಿರುವ ಸಂಭವ ಹೆಚ್ಚು. ತುಳಿದಾಗ ಉಸಿರುಗರೆಯುವ ಸದ್ದು ಕೇಳುತ್ತಲೇ ಇರುವುದು ಮತ್ತು ಇಂಜಿನ್ನಿನ ಓಟ ತಡವರಿಸುವುದು ಅದೇ ಹರುಕಿನ ಲಕ್ಷಣಗಳು, ಏಕೆಂದರೆ ಹರಿದ ಪರದೆಯ ಮೂಲಕ ಲೆಕ್ಕಕ್ಕೆ ಸಿಗದ ಗಾಳಿ ಇಂಜಿನ್ನಿಗೆ ಸೇರುತ್ತಿರುತ್ತದೆ.

ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಬೂಸ್ಟರನ್ನು ದೂರುವುದು ತಪ್ಪು. ಆಯಿಲಿನ ಕೊಳವೆಗಳಲ್ಲಿ ಗಾಳಿ ಸೇರಿರುವುದರ ಲಕ್ಷಣವದು, ಬ್ಲೀಡಿಂಗ್ ಮಾಡಿ ಗಾಳಿಯನ್ನು ಹೊರಹಾಕಬೇಕಾಗುತ್ತದೆ. ಕಾಲಿನ ಅನುಭವದಲ್ಲಿ ಗಟ್ಟಿ ಪೆಡಲ್ ನಿರ್ವಾತದ ಕೊರತೆಯನ್ನೂ, ಮೆತ್ತನೆಯ ಪೆಡಲ್ ದ್ರವದೊಳಗಿನ ಗಾಳಿಯನ್ನೂ, ನಿಧಾನವಾಗಿ ಕುಸಿಯುವ ಪೆಡಲ್ ಆಯಿಲಿನ ಸೋರಿಕೆಯನ್ನೂ ಸೂಚಿಸುತ್ತದೆ. ಬೇಡದ ಕಡೆ ಗಾಳಿಯೋ ಬೇಕಾದ ಕಡೆ ಅದರ ಅಭಾವವೋ ಎಂದು ಮೊದಲು ನಿರ್ಧರಿಸದೆ ಸ್ಪ್ಯಾನರ್ ಹಿಡಿದವರು ದುಬಾರಿ ಬೂಸ್ಟರನ್ನು ಬದಲಿಸಿದ ಮೇಲೂ ಅದೇ ದೋಷದೊಡನೆ ಹೆಣಗುತ್ತಾರೆ.

ಚಕ್ರಗಳು ಬ್ರೇಕನ್ನು ಬಿಡದೆ ಹಿಡಿದುಕೊಳ್ಳುವುದು ಬೇರೆಯೇ ಬಗೆಯ ದೋಷ. ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ನು ಪೂರ್ತಿ ಹಿಂದಕ್ಕೆ ಬಂದಾಗ ಮಾತ್ರ ತೆರೆದುಕೊಳ್ಳುವ ಸೂಜಿಮೊನೆಯಷ್ಟು ಸಣ್ಣ ರಂಧ್ರವೊಂದಿದ್ದು, ಬಿಸಿಯಿಂದ ಹಿಗ್ಗಿದ ಆಯಿಲು ಅದರ ಮೂಲಕ ಮೇಲಿನ ತೊಟ್ಟಿಗೆ ಮರಳುತ್ತದೆ. ಬೂಸ್ಟರಿನಿಂದ ಹೊರಚಾಚಿದ ತಳ್ಳುಸರಳು ಕೂದಲೆಳೆಯಷ್ಟು ಉದ್ದವಾದರೂ ಪಿಸ್ಟನ್ನು ಪೂರ್ತಿ ಹಿಂದಕ್ಕೆ ಬಾರದೆ ರಂಧ್ರ ಮುಚ್ಚಿಯೇ ಇದ್ದು, ಕಾರು ಓಡಿದಷ್ಟೂ ಬ್ರೇಕು ಬಿಗಿಯಾಗುತ್ತದೆ. ಹೊಸ ಮಾಸ್ಟರ್ ಸಿಲಿಂಡರನ್ನು ಹಳೆಯ ಬೂಸ್ಟರಿಗೆ ಕೂರಿಸಿದ ಮರುದಿನವೇ ಈ ತೊಂದರೆ ತಲೆದೋರಿದರೆ ಅಳೆಯಬೇಕಾದದ್ದು ಆ ಸರಳನ್ನೇ. ಸರಳು ಸರಿಯಿದ್ದೂ ಒಂದೇ ಚಕ್ರ ಹಿಡಿದುಕೊಂಡರೆ ಅಲ್ಲಿನ ರಬ್ಬರ್ ಹೋಸ್ ಒಳಗೊಳಗೇ ಊದಿಕೊಂಡು ಆಯಿಲನ್ನು ಹೋಗಲು ಬಿಟ್ಟು ಬರಲು ಬಿಡದಿರುವ ಸಾಧ್ಯತೆಯುಂಟು.

ಹಳೆಯ ಕಾರುಗಳಿಗೆ ಓಟಕ್ಕಿಂತ ನಿಲುಗಡೆಯೇ ಹೆಚ್ಚು ಹಾನಿಕರ. ಸಾಮಾನ್ಯ ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದಾಗಿದ್ದು, ಹೊಸತಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕಾದ ಡಾಟ್ 3 ದರ್ಜೆಯ ಆಯಿಲಿಗೆ ತೇವ ಸೇರಿದ ಮೇಲೆ ನಿಗದಿಯಾಗಿರುವ ಮಿತಿ 140 ಡಿಗ್ರಿ ಮಾತ್ರ. ಆ ತೇವವೇ ಸಿಲಿಂಡರುಗಳ ಒಳಮೈಯನ್ನು ತುಕ್ಕು ಹಿಡಿಸಿ ಹೊಸ ಸೀಲುಗಳನ್ನೂ ಕೊರೆಯುತ್ತದೆ. ಇಂಜಿನ್ ಆಯಿಲಿನಂಥ ಖನಿಜ ತೈಲವನ್ನು ತಪ್ಪಿ ಬ್ರೇಕಿನ ತೊಟ್ಟಿಗೆ ಸುರಿದರೆ ಇಡೀ ವ್ಯವಸ್ಥೆಯ ರಬ್ಬರು ಊದಿ ಕೆಡುತ್ತದೆ. ವ್ಯಾಕ್ಯೂಮ್ ಹೋಸಿನ ಜಾಗದಲ್ಲಿ ಕೈಗೆ ಸಿಕ್ಕ ನೀರಿನ ಕೊಳವೆಯನ್ನು ಸಿಕ್ಕಿಸುವುದೂ ಸಲ್ಲದು, ನಿರ್ವಾತಕ್ಕೆ ಅದು ಒಳಕ್ಕೆ ಕುಗ್ಗಿ ದಾರಿಯನ್ನೇ ಮುಚ್ಚಿಬಿಡುತ್ತದೆ.

ಭಾರತದಲ್ಲಿ ಈ ಕಥೆ ತಡವಾಗಿ ಬೆಳೆಯಿತು. ಟಿವಿಎಸ್ ಮತ್ತು ಬ್ರಿಟನ್ನಿನ ಲ್ಯೂಕಾಸ್ ಸಂಸ್ಥೆಗಳು ಸೇರಿ 1962ರಲ್ಲಿ ಚೆನ್ನೈಯಲ್ಲಿ ಬ್ರೇಕ್ಸ್ ಇಂಡಿಯಾವನ್ನು ಸ್ಥಾಪಿಸಿದ ಮೇಲೂ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಂಥ ಕಾರುಗಳು ಬಹುಕಾಲ ನಾಲ್ಕೂ ಕಡೆ ಡ್ರಮ್ಮುಗಳಿಂದಲೇ ಬೂಸ್ಟರಿಲ್ಲದೆ ಓಡಿದವು. ಡೀಸೆಲ್ ಇಂಜಿನ್ನಿನ ಗಾಳಿಯ ದಾರಿಯಲ್ಲಿ ಸಾಮಾನ್ಯವಾಗಿ ಥ್ರಾಟಲ್ ಇಲ್ಲದಿರುವುದರಿಂದ ಮ್ಯಾನಿಫೋಲ್ಡಿನಲ್ಲಿ ಬಳಸತಕ್ಕ ನಿರ್ವಾತವೂ ಇರುವುದಿಲ್ಲ. ಡೀಸೆಲ್ ವಾಹನಗಳಿಗೆ ಬೂಸ್ಟರ್ ಬಂದಾಗ ಅದರೊಡನೆ ವ್ಯಾಕ್ಯೂಮ್ ಪಂಪೂ ಬರಬೇಕಾಯಿತು. ಅದನ್ನು ಅನೇಕ ಕಡೆ ಆಲ್ಟರ್ನೇಟರಿನ ಬೆನ್ನಿಗೇ ಜೋಡಿಸಲಾಗಿದೆ, ಆದುದರಿಂದ ಅಂಥ ವಾಹನದ ಪೆಡಲ್ ಗಟ್ಟಿಯಾದರೆ ಬೂಸ್ಟರಿಗಿಂತ ಮೊದಲು ನೋಡಬೇಕಾದದ್ದು ಪಂಪನ್ನು ಮತ್ತು ಅದರ ಬೆಲ್ಟನ್ನು.

ಕರ್ನಾಟಕದಲ್ಲಿ ಹಳೆಯ ಕಾರುಗಳನ್ನು ಸರಿಪಡಿಸುವವರು ಗಮನಿಸಬೇಕಾದ ಇನ್ನೊಂದು ಸಂಗತಿ ನೆಲದ ಎತ್ತರಕ್ಕೆ ಸೇರಿದ್ದು. ಸಮುದ್ರಮಟ್ಟದಿಂದ ಮೇಲೇರಿದಂತೆ ವಾತಾವರಣದ ಒತ್ತಡ ಇಳಿಯುವುದರಿಂದ ಪ್ರತಿ 1000 ಅಡಿಗೆ ವ್ಯಾಕ್ಯೂಮ್ ಗೇಜಿನ ಓದು ಸುಮಾರು ಒಂದು ಅಂಗುಲ ತಗ್ಗುತ್ತದೆ. ಮಂಗಳೂರಿನಲ್ಲಿ 20 ಅಂಗುಲ ತೋರಿದ ಇಂಜಿನ್ನು ಸುಮಾರು 3000 ಅಡಿ ಎತ್ತರದ ಬೆಂಗಳೂರಿನಲ್ಲಿ 17 ತೋರಿದರೆ ಅದು ಇಂಜಿನ್ನಿನ ದೋಷವಲ್ಲ, ವಿದೇಶಿ ಕೈಪಿಡಿಯ ಅಂಕಿಯನ್ನು ಹಿಡಿದು ವಾಲ್ವುಗಳನ್ನು ಬಿಚ್ಚಬೇಕಾಗಿಲ್ಲ. ಆದರೆ ಬೂಸ್ಟರಿನ ನೆರವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗಿರುತ್ತದೆಂಬುದನ್ನು ನೆನಪಿನಲ್ಲಿಡಬೇಕು.

1950ರ ದಶಕದ ಪವರ್ ಬ್ರೇಕಿನ ಕಾರುಗಳಲ್ಲಿ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರು ಇರುವುದರಿಂದ ಒಂದು ಸೋರಿಕೆ ನಾಲ್ಕೂ ಚಕ್ರಗಳ ಬ್ರೇಕನ್ನು ಕಳೆಯಬಲ್ಲದು. ಅಂಥ ಕಾರನ್ನು ಇಟ್ಟುಕೊಂಡವರು ಪ್ರತಿ ಬಾರಿ ಹೊರಡುವ ಮುನ್ನ ತೊಟ್ಟಿಯ ಮುಚ್ಚಳ ತೆರೆದು ಆಯಿಲಿನ ಮಟ್ಟವನ್ನು ನೋಡಬೇಕು. ನೆಲ ಒಣಗಿದ್ದೂ ಮಟ್ಟ ಇಳಿದಿದ್ದರೆ ಬೂಸ್ಟರಿನ ವ್ಯಾಕ್ಯೂಮ್ ಹೋಸನ್ನು ಕಳಚಿ ಒಳಗೆ ತೇವವಿದೆಯೇ ಎಂದು ಪರೀಕ್ಷಿಸಬೇಕು, ತೇವವಿದ್ದರೆ ಆ ಕಾರು ಅಂದು ಗ್ಯಾರೇಜಿನಿಂದ ಹೊರಗೆ ಹೋಗಬಾರದು.